ಫೋನ್ ಮಾಡಿದರೆ ಏನಂತ ಹೇಳಬೇಕು?

ನಿವೃತ್ತಿಗೆ ಅರವತ್ತು ವರ್ಷ ತುಂಬಿರಲೇಬೇಕು ಎಂದು ಯಾರಾದರೂ ವಾದಿಸಿದರೆ ನಾನು ವಿರೋಧ ಪಕ್ಷದಲ್ಲಿ ನಿಲ್ಲುತ್ತೇನೆ. ನನಗೆ ಮೂವತ್ತನಾಲ್ಕು. ಒಂಬತ್ತು ವರ್ಷ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಮತ್ತು ಲೈಂಗಿಕ ರೋಗಗಳ ಪರೀಕ್ಷೆಗೆ ಬರುವವರ ಆಪ್ತಸಮಾಲೋಚಕನಾಗಿದ್ದೆ. ಗುತ್ತಿಗೆಯ ಕೆಲಸ. ಗುತ್ತಿಗೆ ಮುಗಿಯಿತು, ಮುಂದುವರಿಸಿ ಎಂದು ನಾನು ಕೇಳಲಿಲ್ಲ, ಕಾನೂನು ಓದಲು ಸೇರಿದೆ. ಆ ಕುರ್ಚಿಗೆ ಮತ್ತೆ ಹೋಗುವುದಿಲ್ಲ ಎಂದಮೇಲೆ ಅದು ನಿವೃತ್ತಿಯಲ್ಲದೆ ಮತ್ತೇನು? ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೊ ತೆಗೆದರು. ಇನ್ನೇನು ಬೇಕು ಸಾಕ್ಷಿಗೆ?

ನನ್ನ ಜಾಗಕ್ಕೆ ಬಂದ ಹುಡುಗಿ ಕಳೆದ ತಿಂಗಳು ಫೋನ್ ಮಾಡಿ, "ಸರ್, ಇಲ್ಲಿ ನಿಜವಾಗಿ ಏನು ಮಾಡಬೇಕು? ತರಬೇತಿಯಲ್ಲಿ ಹೇಳಿದ್ದೆಲ್ಲ ಗೊತ್ತು" ಎಂದಳು. ಅವಳಿಗೆ, ಅವಳಂಥವರಿಗೆ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆ ಯಾವ ಊರಿನದು ಎಂದು ಬರೆಯುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕರ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಬಂದವರ ಗುರುತನ್ನೂ ಅಲ್ಲಲ್ಲಿ ಬದಲಿಸಿದ್ದೇನೆ.

ಊರು ಹೇಳದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿಗೆ ನಮ್ಮ ಊರಿನವರು ಬರುತ್ತಿರಲಿಲ್ಲ. ಜಗಳೂರಿನವನು ಚನ್ನಗಿರಿಗೆ ಹೋಗುತ್ತಾನೆ, ಚನ್ನಗಿರಿಯವನು ಹೊನ್ನಾಳಿಗೆ, ಹೊನ್ನಾಳಿಯವನು ಇನ್ನೂ ದೂರ ಹೋಗುತ್ತಾನೆ. ಎದುರುಬದುರು ಹೋಗುವ ಎರಡು ಬಸ್ಸುಗಳಲ್ಲಿ ಒಂದೇ ಭಯ ಹೊತ್ತ ಇಬ್ಬರು ಕೂತು ಒಬ್ಬರ ಊರಿಗೆ ಇನ್ನೊಬ್ಬರು ಹೋಗುತ್ತಿದ್ದರು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೀಗಾಗಿ ಬಂದವನು ಯಾವಾಗಲೂ ಸುಸ್ತಾಗಿರುತ್ತಿದ್ದ, ವಾಪಸ್ ಬಸ್ಸಿನ ಹೊತ್ತು ನೋಡುತ್ತಿರುತ್ತಿದ್ದ. ನಿಮಗೆ ಸಿಗುವುದು ಹದಿನೈದು ನಿಮಿಷ. ಅಷ್ಟರಲ್ಲಿ ಅವನ ಗುಟ್ಟು ಕೇಳಬೇಕು, ಅಪಾಯ ಅಳೆಯಬೇಕು, ರಕ್ತ ಕೊಡಿಸಬೇಕು, ಮತ್ತೆ ಬರುವಂತೆಯೂ ಮಾಡಬೇಕು. ಮೊದಲ ಮೂರನ್ನು ನಾನು ಆರು ತಿಂಗಳಲ್ಲಿ ಕಲಿತೆ. ಕೊನೆಯದನ್ನು ಕಲಿಯಲು ಒಂದು ಬೀರು ಬೇಕಾಯಿತು.

ನಾನು ಸೂಳೆಕೆರೆ ಪಕ್ಕದ ಹಳ್ಳಿಯವನು. ನಮ್ಮ ಮನೆಯಲ್ಲಿ ಬುದ್ಧನ ಪಟವೂ ಇದೆ, ಮನೆದೇವರೂ ಇದ್ದಾನೆ. ಚಿಕ್ಕಂದಿನಿಂದ ನಾನು ಇಬ್ಬರ ಜೊತೆಯೂ ವಾದ ಮಾಡಿದವನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಪರವೋ ವಿರೋಧವೋ ಎಂಬುದನ್ನು ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಿ ತಿಳಿಸುತ್ತಿದ್ದರು. ಯಾವ ಚೀಟಿ ಬಂದರೂ ಗೆಲ್ಲುತ್ತಿದ್ದೆ. ಈ ಕೆಲಸಕ್ಕೆ ಸೇರಿದ ದಿನ ನನಗಿದ್ದ ನಂಬಿಕೆ ಒಂದೇ: ಸರಿಯಾದ ಮಾಹಿತಿಯನ್ನು ಸರಿಯಾದ ಕ್ರಮದಲ್ಲಿ ಹೇಳಿದರೆ ಮನುಷ್ಯ ಸರಿಯಾದುದನ್ನೇ ಮಾಡುತ್ತಾನೆ.

ಆ ಕೊಠಡಿಯಲ್ಲಿ ನನಗಿಂತ ಮೊದಲಿನಿಂದ ಇದ್ದವರು ಗಿರಿಜಕ್ಕ. ಹಿರಿಯ ಆಪ್ತಸಮಾಲೋಚಕಿ, ನ್ಯಾಮತಿ ಕಡೆಯ ಗೋವಿನಕೋವಿಯವರು, ಐವತ್ತು ದಾಟಿದವರು, ಮಾತು ಕಡಿಮೆ. ಆಸ್ಪತ್ರೆಯಲ್ಲಿ ವೈದ್ಯರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಅಕ್ಕ. ಬಂದವನು ಬಾಗಿಲಲ್ಲೇ ನಿಂತು, "ನನಗಲ್ಲ ಮೇಡಂ, ನಮ್ಮ ಗೆಳೆಯನಿಗೆ ಒಂದು ವಿಷಯ ಕೇಳಾಕೆ ಬಂದಿದ್ದೆ" ಅನ್ನುತ್ತಿದ್ದ. ನಾನಾಗಿದ್ದರೆ ಎರಡೇ ಪ್ರಶ್ನೆಯಲ್ಲಿ ಆ ಗೆಳೆಯ ಇಲ್ಲ ಎಂದು ಸಾಬೀತು ಮಾಡುತ್ತಿದ್ದೆ. ಅಕ್ಕ ತಲೆ ಎತ್ತದೆ, "ನಿಮ್ಮ ಗೆಳೆಯ ಹೆಂಗೋ ಏನೋ, ನೀವಂತೂ ಅವನಿಗೆ ಒಳ್ಳೇ ಗೆಳೆಯ ಕಣಪ್ಪ. ಇಷ್ಟು ದೂರ ಬಂದೀರಿ. ಕೂತ್ಕಳ್ರಿ" ಅನ್ನುತ್ತಿದ್ದರು. ಐದು ನಿಮಿಷದಲ್ಲಿ ಗೆಳೆಯ ಕರಗಿ "ನಾನು" ಉಳಿಯುತ್ತಿತ್ತು.

ಅವರು ಕೇಳುತ್ತಿದ್ದದ್ದು ಐದು ಪ್ರಶ್ನೆ. ಯಾವತ್ತು? ಹೆಂಗೆ, ಅಂದರೆ ಮೈಯ ಯಾವ ಭಾಗಕ್ಕೆ ಯಾವುದು ಸೇರಿತು? ನಿರೋಧ್ ಇತ್ತಾ, ಮೊದಲಿಂದ ಕೊನೆವರೆಗೂ ಇತ್ತಾ, ಹರಿಯಿತಾ? ಅದಾದ ಮೇಲೆ ಇನ್ಯಾರ ಜೊತೆಗಾದರೂ ಕೂಡಿದ್ದೀರಾ? ಈಗ ಹುಣ್ಣು, ಉರಿಮೂತ್ರ, ಸೋರಿಕೆ ಏನಾದರೂ ಐತಾ? ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದರು. ಯಾರ ಜೊತೆ, ಯಾಕೆ, ಹೆಂಡತಿ ಇದ್ದೂ ಹಿಂಗಾ ಎಂಬ ಮೂರು ಪ್ರಶ್ನೆಗಳನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. "ಆ ಮೂರು ಕೇಳಿದ್ರೆ ಅವರು ಉತ್ತರ ಕೊಡ್ತಾರೆ, ಆದ್ರೆ ಆಮೇಲೆ ಈ ಐದಕ್ಕೂ ಸುಳ್ಳು ಹೇಳ್ತಾರೆ" ಎಂದಿದ್ದರು.

"ಯಾವತ್ತು" ಎಂಬುದೇ ಎಲ್ಲಕ್ಕಿಂತ ಮುಖ್ಯ. ಎಪ್ಪತ್ತೆರಡು ಗಂಟೆಯೊಳಗೆ ಬಂದವನಿಗೆ ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಿಸಬಹುದು, ಇಪ್ಪತ್ತೆಂಟು ದಿನ ತಪ್ಪದೆ ನುಂಗಬೇಕು. ಆ ಗಡುವು ದಾಟಿದರೆ ಅದು ಇಲ್ಲ. ಆದರೆ ನಮ್ಮ ಜನಕ್ಕೆ ತಾರೀಖು ನೆನಪಿರುವುದಿಲ್ಲ. ಒಬ್ಬ ರೈತ "ಮೊನ್ನೆ" ಎಂದ. ನಾನು ಎರಡು ದಿನ ಎಂದು ಬರೆದುಕೊಳ್ಳುತ್ತಿದ್ದೆ. ಅಕ್ಕ ತಮ್ಮ ಮೇಜಿನಿಂದಲೇ, "ನಾಲೆಗೆ ನೀರು ಬಿಟ್ಟಿದ್ರಾ ಆವತ್ತು?" ಎಂದರು. "ಇಲ್ಲಮ್ಮ, ಬಿಡೋಕೆ ಮುಂಚೆ" ಎಂದ. ನೀರು ಬಿಟ್ಟು ಎಂಟು ದಿನವಾಗಿತ್ತು. ಇನ್ನೊಬ್ಬ, ಕಾಲೇಜು ಹುಡುಗ, ಫೋನಿನಲ್ಲೇ ಪರಿಚಯವಾದವರನ್ನು ಹೋಗಿ ಕಂಡು ಬಂದವನು, "ತುಂಬಾ ದಿನ ಆಯ್ತು" ಎಂದು ಅಳುತ್ತಿದ್ದ. ಅಕ್ಕ ಅವನು ಆವತ್ತು ಹೋದ ಬಸ್ಸಿನ ಟಿಕೆಟ್ ತೋರಿಸಲು ಹೇಳಿದರು. ಟಿಕೆಟ್ ಹಿಂದಿನ ದಿನದ್ದು. ಭಯಕ್ಕೆ ಒಂದು ದಿನ ಒಂದು ವರ್ಷದಂತೆ ಕಂಡಿತ್ತು. ಅವನನ್ನು ಆ ಹೊತ್ತಿಗೇ ಜಿಲ್ಲಾ ಆಸ್ಪತ್ರೆಗೆ ಬಸ್ಸು ಹತ್ತಿಸಿ, ಅಲ್ಲಿನವರಿಗೆ ಫೋನ್ ಮಾಡಿ, ಮೊದಲ ಮಾತ್ರೆ ನುಂಗಿದ ಎಂದು ಅವನೇ ತಿಳಿಸುವವರೆಗೆ ಅಕ್ಕ ಊಟಕ್ಕೆ ಏಳಲಿಲ್ಲ.

ವಿಧಾನಗಳು ನನ್ನ ಕಣ್ಣೆದುರೇ ಬದಲಾದವು. ದಪ್ಪ ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂತು. ಎಚ್‌ಐವಿಗೆ ಒಂದು, ಸಿಫಿಲಿಸ್‌ಗೆ ಒಂದು ಎಂದು ಎರಡು ಸಲ ನೋಡುತ್ತಿದ್ದದ್ದು ಒಂದೇ ಕಿಟ್‌ಗೆ ಬಂತು. ಬದಲಾಗದೆ ಉಳಿದದ್ದು ಅಕ್ಕನ ಒಂದು ಹಳೇ ನೋಟ್‌ಬುಕ್. ಅದರಲ್ಲಿ ಹೆಸರಿಲ್ಲ, ಊರಿಲ್ಲ. ಎಡಕ್ಕೆ ರೋಗಿಯ ಸಂಖ್ಯೆ, ಬಲಕ್ಕೆ ಒಂದು ಖಾನೆ. ಆ ಖಾನೆಯಲ್ಲಿ "ಮೋಟರ್ ರಿಪೇರಿ ಆಗೈತೆ", "ಕೋಳಿಮರಿ ಬಂದವೆ", "ಸೊಸೈಟಿ ಮೀಟಿಂಗ್", "ಅಡಿಕೆ ಸುಲಿಯೋ ಮಿಷನ್ ಖಾಲಿ ಐತೆ" ಎಂದೆಲ್ಲ ಬರೆದಿತ್ತು. ಮೊದಲ ವಾರ ಅದನ್ನು ನೋಡಿ, ಅಕ್ಕ ಈ ಕೆಲಸದ ಜೊತೆಗೆ ಒಂದು ವ್ಯಾಪಾರವನ್ನೂ ಇಟ್ಟುಕೊಂಡಿದ್ದಾರೆ ಎಂದು ನಂಬಿದ್ದೆ.

ಅದು ಆರನೇ ಪ್ರಶ್ನೆ. ಐದೂ ಮುಗಿದ ಮೇಲೆ, ಬಂದವನು ಚಪ್ಪಲಿ ಹುಡುಕುವಾಗ ಅಕ್ಕ ಕೇಳುತ್ತಿದ್ದರು: "ನೀವು ಬರೋದು ಮರೆತ್ರೆ ಒಂದು ಫೋನ್ ಮಾಡ್ಲಾ? ಮಾಡಿದ್ರೆ ಏನಂತ ಹೇಳ್ಬೇಕು?" ಬೇಡ ಎಂದವನಿಗೆ ಮಾಡುತ್ತಿರಲಿಲ್ಲ. ಹೂಂ ಎಂದವನು ಒಂದು ಗಳಿಗೆ ಯೋಚಿಸಿ ತನ್ನ ಮನೆಗೆ ಹೊಂದುವ ಸುಳ್ಳನ್ನು ತಾನೇ ಆರಿಸುತ್ತಿದ್ದ. ಕೋಳಿ ಸಾಕುವವನಿಗೆ ಕೋಳಿಮರಿ. ನಾನು ಇದನ್ನು ಒಪ್ಪಲಿಲ್ಲ. "ಸುಳ್ಳಿನ ಮೇಲೆ ನಂಬಿಕೆ ಕಟ್ಟುವುದು ಹೆಂಗಕ್ಕ?" ಎಂದು ವಾದಿಸಿದೆ. ಮೂರು ಅಂಶ ಮಂಡಿಸಿದೆ. ಅಕ್ಕ ಎಲ್ಲ ಕೇಳಿ, "ಟೀ ಕುಡೀತೀಯಾ?" ಎಂದರು. ಚರ್ಚಾಸ್ಪರ್ಧೆಯಲ್ಲಿ ಇಂಥ ಎದುರಾಳಿ ನನಗೆ ಸಿಕ್ಕಿರಲಿಲ್ಲ.

ಈ ವಿಧಾನಕ್ಕೂ ಅವಘಡಗಳಿದ್ದವು. ಒಬ್ಬನ ಖಾನೆಯಲ್ಲಿ "ಟಗರು ಬಂದೈತೆ" ಎಂದಿತ್ತು. ನಾನು ಫೋನ್ ಮಾಡಿದೆ. ಹೆಂಡತಿ ಎತ್ತಿದರು.

"ಟಗರು ಬಂದೈತೆ ಅಂತ ಹೇಳಿಬಿಡ್ರಮ್ಮ" ಎಂದೆ.

"ಎಷ್ಟು ಹಲ್ಲಿಂದು?"

ಟಗರಿಗೆ ಎಷ್ಟು ಹಲ್ಲಿರಬೇಕು ಎಂದು ಯಾವ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು? "ಎಲ್ಲಾ ಹಲ್ಲೂ ಅದಾವೆ" ಎಂದೆ.

"ಎಲ್ಲಾ ಹಲ್ಲೂ ಅಂದ್ರೆ ಮುದಿ ಟಗರಾ? ಬ್ಯಾಡ ಹೋಗ್ರಿ. ನಮ್ಮನೇರಿಗೆ ಏನ್ ತಿಳೀತದೆ, ನಾನೇ ಬಂದು ನೋಡ್ತೀನಿ. ಎಲ್ಲಿಗೆ ಬರ್ಬೇಕು?"

ಅಕ್ಕ ಫೋನ್ ಕಸಿದುಕೊಂಡು, "ಅಯ್ಯೋ ತಾಯಿ, ಅದು ಬ್ಯಾರೆಯವರಿಗೆ ಮಾರಿ ಹೋಗೈತೆ, ಈ ಹುಡುಗನಿಗೆ ಗೊತ್ತಿಲ್ಲ" ಎಂದು ಇಟ್ಟರು. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ಗಂಡ ಮರುದಿನ ಬಂದ. "ಸರ್, ನಿಮ್ಮಿಂದ ನಮ್ಮನೇಲಿ ಟಗರು ಸಾಕೋದು ಗ್ಯಾರಂಟಿ ಆತು" ಎಂದ. ಬಂದನಲ್ಲ, ಅದು ಮುಖ್ಯ.

ಇಷ್ಟಾದರೂ ಆ ಪ್ರಶ್ನೆ ನನ್ನ ಬಾಯಿಗೆ ಹತ್ತಲಿಲ್ಲ. ಫಾರಂನಲ್ಲಿ ಇಲ್ಲದ ಪ್ರಶ್ನೆ, ನನ್ನ ತರ್ಕಕ್ಕೆ ಒಗ್ಗದ ಪ್ರಶ್ನೆ. ಅಕ್ಕ ರಜೆಯಲ್ಲಿದ್ದ ಒಂದು ದಿನ ಅವನು ಬಂದ.

ಅವನನ್ನು ಈರುಳ್ಳಿ ಗಾಡಿಯವನು ಎನ್ನುತ್ತೇನೆ. ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯವನು, ಇಪ್ಪತ್ತೆಂಟು ವಯಸ್ಸು, ಸ್ವಂತ ಗೂಡ್ಸ್ ಗಾಡಿ. ವಾರಕ್ಕೊಮ್ಮೆ ಈರುಳ್ಳಿ ಹೇರಿಕೊಂಡು ನಮ್ಮ ಕಡೆಯ ಸಂತೆಗೆ ಬರುತ್ತಿದ್ದ. ಒಂಬತ್ತು ದಿನದ ಹಿಂದೆ ಬಾಡಿಗೆಗೆ ಹೋದ ಊರಿನಲ್ಲಿ, ಪರಿಚಯವಿಲ್ಲದವರ ಜೊತೆ, ಒಂದೇ ಸಲ, ನಿರೋಧ್ ಇಲ್ಲದೆ. ಈಗ ಮೂತ್ರ ಮಾಡುವಾಗ ಉರಿ. ಮದುವೆ ಗೊತ್ತಾಗಿತ್ತು, ಇನ್ನು ನಾಲ್ಕು ವಾರ. ಅವನು ಹೇಳಿದ್ದು ಒಂದೇ ಮಾತು: "ಸರ್, ನಾನು ಕ್ಲೀನ್ ಅಂತ ಒಂದು ರಿಪೋರ್ಟ್ ಕೊಟ್ಟುಬಿಡ್ರಿ. ಆ ಹುಡುಗಿಗೆ ನನ್ನಿಂದ ಏನೂ ಆಗಬಾರದು."

ರಕ್ತ ತೆಗೆಸಿದೆ. ಎಚ್‌ಐವಿ ನೆಗೆಟಿವ್, ಸಿಫಿಲಿಸ್ ನೆಗೆಟಿವ್. ವೈದ್ಯರು ಉರಿಗೆ ಬೂದು ಬಣ್ಣದ ಪೊಟ್ಟಣದ ಮಾತ್ರೆ ಕೊಟ್ಟು, ಏಳು ದಿನ ಬಿಟ್ಟು ಬಾ ಎಂದರು. ನಂತರ ನನ್ನ ಸರದಿ. ಜೀವನದಲ್ಲೇ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಸೋಂಕು ತಗುಲಿದ ಮೇಲೆ ಪರೀಕ್ಷೆಗೆ ಕಾಣಿಸಿಕೊಳ್ಳಲು ಸಮಯ ಬೇಕು, ಒಂಬತ್ತನೇ ದಿನದ ನೆಗೆಟಿವ್ ಎಂದರೆ ಆ ಘಟನೆಗೆ ಮುಂಚಿನ ನಿನ್ನ ಬದುಕಿಗೆ ಸಿಕ್ಕ ಉತ್ತರವೇ ಹೊರತು ಆ ಘಟನೆಗಲ್ಲ, ಆರು ವಾರಕ್ಕೆ ಒಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ ಮತ್ತೆ ನೋಡಬೇಕು, ಅಲ್ಲಿಯವರೆಗೆ ನಿರೋಧ್ ಇಲ್ಲದೆ ಯಾರನ್ನೂ ಕೂಡಬಾರದು. ಒಂದು ಆಕ್ಷೇಪಣೆ ಅವನು ಎತ್ತುವ ಮುಂಚೆ ನಾನೇ ಎತ್ತಿ ನಾನೇ ಉತ್ತರಿಸಿದೆ. "ಅರ್ಥ ಆಯ್ತಾ?" ಎಂದೆ. "ಆತು ಸರ್." "ಬರ್ತೀಯಲ್ಲ?" "ಬರ್ತೀನಿ ಸರ್." ಗೆದ್ದೆ. ರಿಪೋರ್ಟನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡು ಹೋದ.

ಏಳನೇ ದಿನ ಬರಲಿಲ್ಲ. ಹತ್ತನೇ ದಿನವೂ ಇಲ್ಲ. ಅಕ್ಕ ನೋಟ್‌ಬುಕ್ ತೆರೆದರು.

"ಅವನು ಏನ್ ಕೇಳಿದ ಆವತ್ತು?"

"ಏನೂ ಕೇಳ್ಲಿಲ್ಲ ಅಕ್ಕ. ಎಲ್ಲ ಒಪ್ಪಿಕೊಂಡ."

"ಏನೂ ಕೇಳ್ಲಿಲ್ವಾ? ಹಂಗಾದ್ರೆ ಏನೂ ಕೇಳಿಸ್ಕಂಡಿಲ್ಲ. ಈ ಖಾನೆ ಯಾಕೆ ಖಾಲಿ ಐತೆ?"

"ಫಾರಂನಲ್ಲಿ ಆ ಪ್ರಶ್ನೆ ಇಲ್ಲವಲ್ಲ."

"ಫಾರಂನಲ್ಲಿ ಅವನ ಮನೆಯವರೂ ಇಲ್ಲ" ಎಂದರು ಅಕ್ಕ. "ಮದುವೆ ಮನೆ. ಫೋನು ಅವನ ಕೈಲಿ ಇರ್ತದೋ, ಅವರವ್ವನ ಕೈಲಿ ಇರ್ತದೋ, ಆ ಹುಡುಗಿ ಅಣ್ಣನ ಕೈಲಿ ಇರ್ತದೋ. ಈಗ ಏನಂತ ಮಾಡ್ತೀಯಾ?"

ಆಗ ನನಗೆ ತಲೆ ಕೆಟ್ಟಿತು. ಹುಡುಗಿಯ ಕಡೆಯವರಿಗೆ ಹೇಗಾದರೂ ತಿಳಿಸಬೇಕು ಎಂದೆ. ಅವಳ ಆರೋಗ್ಯ ದೊಡ್ಡದೋ, ಇವನ ಗುಟ್ಟು ದೊಡ್ಡದೋ ಎಂದು ಕೇಳಿದೆ. ಅಕ್ಕ ಆವತ್ತು ಮಾತ್ರ ಟೀ ವಿಷಯ ಎತ್ತಲಿಲ್ಲ. "ನೀನು ಒಬ್ಬನ ಗುಟ್ಟು ಬಿಟ್ಟುಕೊಟ್ರೆ ನಾಳೆ ಯಾರೂ ಬರಲ್ಲ. ಬರದಿದ್ರೆ ಎಷ್ಟು ಹುಡುಗೇರಿಗೆ ಏನೇನ್ ಆಗ್ತದೋ ನಿಂಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ. ಹೇಳೋದಾದ್ರೆ ಅವನೇ ಹೇಳ್ಬೇಕು. ಅವನ ಬಾಯಿಗೆ ಆ ಮಾತು ಬರಂಗೆ ಮಾಡೋದು ನಮ್ಮ ಕೆಲಸ." ಕಾನೂನೂ ಅದನ್ನೇ ಹೇಳುತ್ತದೆ. ನಾನು ಆ ಕಾನೂನನ್ನು ತರಬೇತಿಯಲ್ಲಿ ಓದಿದ್ದೆ, ಅಕ್ಕ ಅದನ್ನು ಬಾಳಿದ್ದರು.

ಆ ತಿಂಗಳೇ ಅಕ್ಕನಿಗೆ ನಿವೃತ್ತಿ. ಹೊನ್ನಾಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು, ಗೋವಿನಕೋವಿಯ ಸ್ವಂತ ಮನೆಗೆ ಸಾಮಾನು ಸಾಗಿಸುತ್ತಿದ್ದರು. ಒಂದು ಕಬ್ಬಿಣದ ಬೀರು ಉಳಿದಿತ್ತು. ಸಂತೆಯ ದಿನ ಬೆಳಿಗ್ಗೆ, "ಈರುಳ್ಳಿ ಇಳಿಸಿದ ಮೇಲೆ ಗಾಡಿಗಳು ಖಾಲಿ ಹೋಗ್ತಾವಲ್ಲ, ಒಂದನ್ನ ಮಾತಾಡಾಣ ಬಾ" ಎಂದರು. ಯಾವ ಗಾಡಿ ಎಂದು ನಾನು ಕೇಳಬೇಕಾಗಿರಲಿಲ್ಲ.

"ಅಕ್ಕ, ಇದು ಬೆನ್ನು ಹತ್ತುವುದಲ್ಲವಾ?"

"ನನಗೆ ಬೀರು ಸಾಗಿಸ್ಬೇಕು. ಅವನಿಗೆ ಬಾಡಿಗೆ ಬೇಕು. ನೀನು ಸುಮ್ಮನೆ ಪಕ್ಕದಾಗೆ ಕೂರಬೇಕು. ಅವನು ಬಾಯಿ ಬಿಟ್ರೆ ಮಾತು. ಇಲ್ಲಾಂದ್ರೆ ಬೀರು ಇಳಿಸಿ ಬರಾಣ. ನೀನಾಗಿ ಒಂದು ಮಾತು ಆಡಿದ್ಯೋ, ನಾನು ಅಲ್ಲೇ ಇಳೀತೀನಿ."

ಇದು ಸರಿಯೇ ಎಂದು ಇವತ್ತಿಗೂ ನಾನು ಪೂರ್ತಿ ಒಪ್ಪಿಲ್ಲ. ಹೊಸಬರು ಇದನ್ನು ಮಾದರಿ ಎಂದುಕೊಳ್ಳಬೇಡಿ. ಖಾನೆ ತುಂಬಿದ್ದರೆ ಇದರ ಅಗತ್ಯವೇ ಇರುತ್ತಿರಲಿಲ್ಲ, ಅದನ್ನು ನೆನಪಿಡಿ.

ನನ್ನನ್ನು ನೋಡಿದ ಕೂಡಲೇ ಅವನ ಮುಖ ಬಿಳುಚಿತು. ಅಕ್ಕ ಗಮನಿಸದವರಂತೆ ಬೀರುವಿಗೆ ಹಗ್ಗ ಎಲ್ಲಿ ಕಟ್ಟಬೇಕು, ಕನ್ನಡಿ ಯಾವ ಕಡೆ ಇರಬೇಕು ಎಂದು ಅವನ ಜೊತೆ ಜಗಳವಾಡಿದರು. ಹೊರಟೆವು. ಕ್ಯಾಬಿನ್ನಿನಲ್ಲಿ ಅವನು, ನಡುವೆ ನಾನು, ಕಿಟಕಿಗೆ ಅಕ್ಕ. ಹಿಂದೆ ಬೀರುವಿನ ಬಾಗಿಲು ಪ್ರತಿ ಗುಂಡಿಗೂ ದಡದಡ ಅನ್ನುತ್ತಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ವಾಕ್ಯಗಳು ಸಾಲಾಗಿ ನಿಂತಿದ್ದವು. ಅಕ್ಕ ಗದ್ದೆ ನೋಡುತ್ತ, ಮದುವೆ ಅಡುಗೆಯವರು ಈಗ ಒಬ್ಬಟ್ಟಿಗೆ ಬೆಲ್ಲ ಕಮ್ಮಿ ಹಾಕುತ್ತಾರೆ ಎಂದು ದೂರುತ್ತಿದ್ದರು. ಅರ್ಧ ದಾರಿಯಲ್ಲಿ "ಕಾಲು ಹಿಡಿದೈತೆ ಕಣಪ್ಪ, ನಿಲ್ಸು, ನಾಲ್ಕು ಹೆಜ್ಜೆ ಓಡಾಡ್ತೀನಿ" ಎಂದು ಇಳಿದು ಕಬ್ಬಿನ ಗದ್ದೆಯ ಬದುವಿನ ಮೇಲೆ ದೂರ ಹೋದರು. ಅವರ ಕಾಲಿಗೆ ಏನೂ ಆಗಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಅವನು ಸ್ಟೇರಿಂಗ್ ಬಿಡಲಿಲ್ಲ. ನಾನು ಬಾಯಿ ಬಿಡಲಿಲ್ಲ. ಅಷ್ಟು ಹೊತ್ತು ನಾನು ಯಾವತ್ತೂ ಸುಮ್ಮನಿದ್ದವನಲ್ಲ.

"ಉರಿ ನಿಂತೈತೆ ಸರ್" ಎಂದ ಕೊನೆಗೆ. "ರಿಪೋರ್ಟ್ ನೆಗೆಟಿವ್ ಐತೆ. ಮತ್ಯಾಕೆ ಬರ್ಬೇಕು ಅಂತ ಬರ್ಲಿಲ್ಲ."

ಹತ್ತೂ ವಾಕ್ಯಗಳನ್ನು ನುಂಗಿಕೊಂಡೆ. "ನಿಮ್ಮ ಹೊಲದಾಗೆ ಮೆಕ್ಕೆಜೋಳ ಬಿತ್ತೀರಾ?"

"ಬಿತ್ತೀವಿ."

"ಬಿತ್ತಿದ ಎರಡನೇ ದಿನ ಹೋದ್ರೆ ಏನ್ ಕಾಣ್ತದೆ?"

"ಏನ್ ಕಾಣ್ತದೆ, ಬರೀ ಮಣ್ಣು. ವಾರ ಬಿಟ್ಟು ನೋಡಿದ್ರೆ ಮೊಳಕೆ..." ಅಲ್ಲಿಗೆ ನಿಲ್ಲಿಸಿದ. "ನಂದು ಎರಡನೇ ದಿನದ ಹೊಲ ಅಂತೀರಾ?"

"ಬೀಜ ಬಿದ್ದೈತೆ ಅಂತಲೂ ಹೇಳಲ್ಲ. ಬಿದ್ದಿಲ್ಲ ಅಂತಲೂ ಹೇಳಲ್ಲ. ಒಂದೇ ಸಲದಾಗೆ ಬೀಳದೆ ಇರೋದೇ ಜಾಸ್ತಿ. ಆದ್ರೆ ಆರು ವಾರ ಬಿಟ್ಟು ನೋಡಬೇಕು, ಮೂರು ತಿಂಗಳಿಗೆ ಖಚಿತ ಮಾಡ್ಕೋಬೇಕು."

"ಇದನ್ನ ಆವತ್ತೇ ಹೇಳಬಾರದಿತ್ತಾ ಸರ್?"

"ಹೇಳಿದ್ದೆನಲ್ಲಪ್ಪ!"

"ಇಲ್ಲ ಸರ್. ಆವತ್ತು ನೀವು ಭಾಷಣ ಮಾಡಿದ್ರಿ."

ನನ್ನ ವಿರುದ್ಧ ಯಾವ ತೀರ್ಪುಗಾರರೂ ಇಷ್ಟು ಚುಟುಕಾಗಿ ತೀರ್ಪು ಕೊಟ್ಟಿರಲಿಲ್ಲ.

ಆಮೇಲೆ ಅವನು ಕೇಳಿದ. ಒಂದಲ್ಲ, ಇಪ್ಪತ್ತು ಪ್ರಶ್ನೆ. ಊಟದ ತಟ್ಟೆಯಿಂದ ಬರ್ತದಾ? ಇಲ್ಲ. ಅವ್ವನ ಜೊತೆ ಒಂದೇ ಸೋಪು? ಇಲ್ಲ. ಮದುವೆ ಮುಂದಕ್ಕೆ ಹಾಕಬೇಕಾ? ಅದು ನಿಮ್ಮಿಬ್ಬರ ನಿರ್ಧಾರ, ನಾನು ಹೇಳುವುದಲ್ಲ. ಹಾಕದಿದ್ದರೆ? ಪರೀಕ್ಷೆ ಮುಗಿಯುವವರೆಗೆ ನಿರೋಧ್, ಇಲ್ಲವೇ ದೂರ. ಹೊಸ ಹೆಂಡತಿಗೆ ಏನಂತ ಹೇಳಿ ದೂರ ಇರಲಿ? ಅದು ನನಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. "ಹೇಳೋದಾದ್ರೆ ನೀನೇ ಹೇಳ್ಬೇಕು. ಹೇಳಾಕೆ ಕಷ್ಟ ಆದ್ರೆ ಇಬ್ರೂ ಬರ್ರಿ, ನಾನು ಪಕ್ಕದಾಗಿರ್ತೀನಿ" ಎಂದೆ. ಅವನು ಅತ್ತ. ನಾನು ಹೊರಗೆ ನೋಡುತ್ತ ಕೂತೆ. ಅಕ್ಕ ಗದ್ದೆಯ ಬದುವಿನಲ್ಲಿ ಯಾರದೋ ಎಮ್ಮೆಯ ಜೊತೆ ಮಾತಾಡುತ್ತಿದ್ದರು.

ಗೋವಿನಕೋವಿಯಲ್ಲಿ ಬೀರು ಇಳಿಸಿದೆವು. ದಾರಿಯ ಕುಲುಕಾಟಕ್ಕೆ ಬಾಗಿಲು ಸೊಟ್ಟಗಾಗಿ ಮುಚ್ಚುತ್ತಿರಲಿಲ್ಲ. ಅವನು ಗಾಡಿ ಹತ್ತುವಾಗ ನಾನು ಕಿಟಕಿಯ ಹತ್ತಿರ ಹೋಗಿ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದೆ: "ನೀನು ಮರೆತ್ರೆ ಒಂದು ಫೋನ್ ಮಾಡ್ಲಾ? ಮಾಡಿದ್ರೆ ಏನಂತ ಹೇಳ್ಬೇಕು?"

ಅವನು ಬೀರುವಿನ ಕಡೆ ನೋಡಿದ. "ಬೀರು ಬಾಗಿಲು ಸರಿ ಹೋಗಿಲ್ಲ ಅಂತ ಹೇಳ್ರಿ."

ಅಕ್ಕ ನಿವೃತ್ತರಾದರು. ಕೊನೆಯ ದಿನ ನೋಟ್‌ಬುಕ್ ನನ್ನ ಮೇಜಿನ ಮೇಲಿಟ್ಟು ಹೋದರು. ಅವರ ಬಗ್ಗೆ ಭಾಷಣ ಮಾಡಿದವರಲ್ಲಿ ಯಾರೂ ಆ ನೋಟ್‌ಬುಕ್ಕನ್ನು ನೋಡಿದವರಲ್ಲ. ನಾನು ಭಾಷಣ ಮಾಡಲಿಲ್ಲ.

ಆರನೇ ವಾರ ತುಂಬಿದ ದಿನ ಅವನು ಬರಲಿಲ್ಲ. ಮದುವೆಯಾಗಿ ಐದು ದಿನ. ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿದೆ. ಹೆಣ್ಣಿನ ದನಿ.

"ಅಮ್ಮ, ಗಾಡಿಯವರಿಗೆ ಹೇಳಿಬಿಡ್ರಿ, ಬೀರು ಬಾಗಿಲು ಸರಿ ಹೋಗಿಲ್ಲ ಅಂತ."

"ಯಾವ ಬೀರು ಅಂತ ನಂಗೆ ಗೊತ್ತೈತೆ ಸರ್."

ಟಗರು ನನಗೆ ಪಾಠ ಕಲಿಸಿತ್ತು. "ಕಬ್ಬಿಣದ್ದಮ್ಮ. ಗೋವಿನಕೋವಿಗೆ ಹಾಕಿದ್ದರು. ಬಾಗಿಲು ಮುಚ್ಚಲ್ಲ."

ಅವಳು ನಕ್ಕಳು. "ಬಿಡ್ರಿ, ಪಾಪ, ಎಷ್ಟು ಚೆಂದ ಸುಳ್ಳು ಹೇಳ್ತೀರಿ. ಇರ್ರಿ, ಅವರಿಗೇ ಕೊಡ್ತೀನಿ."

ಅವನು ಬಂದು, "ಹೇಳ್ರಿ ಸರ್, ಪರವಾಗಿಲ್ಲ. ಮದುವೆಗೆ ಎಂಟು ದಿನ ಇರುವಾಗಲೇ ಅವಳಿಗೆ ಹೇಳೀನಿ" ಎಂದ. "ನಿನ್ನೆ ನೆಂಟರು ಇದ್ರು, ಹೊರಡಾಕೆ ಆಗ್ಲಿಲ್ಲ. ನಾಳೆ ಇಬ್ರೂ ಬರ್ತೀವಿ."

ಬಂದರು. ಅವಳು ಚಿಕ್ಕವಳು, ಆದರೆ ಕುರ್ಚಿ ಎಳೆದು ಕೂತ ರೀತಿ ಹಾಗಿರಲಿಲ್ಲ. ಅವನನ್ನು ರಕ್ತ ಕೊಡಲು ಕಳಿಸಿದ ಮೇಲೆ ಅವಳೊಬ್ಬಳ ಜೊತೆಯೇ ಮಾತಾಡಿದೆ. ಬಲವಂತ ಇದೆಯೇ ಎಂದು ತಿಳಿಯುವುದು ನಮ್ಮ ಕೆಲಸ.

"ಸಿಟ್ಟು ಇನ್ನೂ ಐತೆ ಸರ್" ಎಂದಳು. "ಮೂರು ದಿನ ಊಟ ಬಿಟ್ಟಿದ್ದೆ. ಮದುವೆ ಬ್ಯಾಡ ಅನ್ನೋಣ ಅಂದ್ಕಂಡೆ. ಆಮೇಲೆ ಅನ್ನಿಸ್ತು, ಹೇಳದೆ ಇರೋ ಗಂಡಸರನ್ನ ಎಲ್ಲಿ ಪರೀಕ್ಷೆ ಮಾಡಿಸ್ಲಿ? ಇವರು ಹೇಳ್ಯಾರೆ. ಮೂರು ತಿಂಗಳು ನನ್ನ ಹಾಸಿಗೆ ಬ್ಯಾರೆ ಅಂದೀನಿ, ಒಪ್ಯಾರೆ. ನಂದೂ ರಕ್ತ ನೋಡ್ರಿ."

"ನಿಮಗೆ ಅಪಾಯ ಏನೂ ಕಾಣಲ್ಲಮ್ಮ. ಮಾಡಿಸಲೇಬೇಕು ಅಂತಿಲ್ಲ."

"ಅವರೊಬ್ಬರೇ ಯಾಕೆ ಸೂಜಿ ಚುಚ್ಚಿಸ್ಕಳ್ಳಬೇಕು? ಇಬ್ರೂದೂ ಆಗ್ಲಿ."

ಆವತ್ತು, ಆಮೇಲೆ ಮೂರು ತಿಂಗಳಿಗೆ, ಏನು ಫಲಿತಾಂಶ ಬಂತು ಎಂದು ನೀವು ಕೇಳಬಹುದು. ಹೇಳುವುದಿಲ್ಲ. ಅದು ಅವರಿಬ್ಬರದು. ಈ ಪುಟಗಳನ್ನು ಇಷ್ಟು ದೂರ ಓದಿಯೂ ಆ ಪ್ರಶ್ನೆ ಕೇಳುವವರು ಈ ಕೆಲಸಕ್ಕೆ ಸೇರುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಅವಳಿಗೂ ಐದು ಪ್ರಶ್ನೆ ಕೇಳಿದೆ. ಎದ್ದು ಸೆರಗು ಸರಿಮಾಡಿಕೊಳ್ಳುತ್ತ ಅವಳು ಬಾಗಿಲಲ್ಲಿ ನಿಂತಳು. "ಅವರಿಗೆ ಇನ್ನೊಂದು ಕೇಳಿದ್ರಂತಲ್ಲ. ನಂಗೆ ಕೇಳಲ್ವಾ?"

ನಾನು ನೋಟ್‌ಬುಕ್ ತೆರೆದು ಅವಳ ಸಂಖ್ಯೆ ಬರೆದೆ. "ಮೂರು ತಿಂಗಳಿಗೆ ಬರೋದು ಮರೆತ್ರೆ ಫೋನ್ ಮಾಡ್ಲಾ ಅಮ್ಮ? ಮಾಡಿದ್ರೆ ಏನಂತ ಹೇಳ್ಬೇಕು?"

"ಇದ್ದದ್ದು ಇದ್ದಂಗೆ ಹೇಳ್ರಿ" ಎಂದಳು.

ಮೋಟರ್, ಕೋಳಿಮರಿ, ಟಗರು, ಬೀರು ಎಲ್ಲದರ ಕೆಳಗೆ, ಅಕ್ಕನ ಖಾನೆಯಲ್ಲಿ, ಅವಳು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ.